ಶಿಕಾಗೋದಲ್ಲಿ ಸಿಕ್ಕಿದ ನಮ್ಮ ಕ್ವಾರ್ಟರ್ಸ್

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂ ಟೌನ್ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪ್‌ನಲ್ಲಿದ್ದರು. ಯಾವುದೇ ಸಾಮಾನನ್ನು ಎರಕ ಹೊಯ್ಯುವ ಮೊದಲು ಅದರ ಆಕಾರವನ್ನು ಮರದಲ್ಲಿ ಮಾಡಿಕೊಳ್ಳಬೇಕು. ಆ ಮರದ ಕೆಲಸ ಅಪ್ಪನದು. ಹಾಗಾಗಿ ಕಬ್ಬಿಣದ ಕಾರ್ಖಾನೆಯಿಂದ ಮನೆಗೆ ಬಂದರೂ ಅವರ ಅಂಗಿಯಲ್ಲಿ ತೇಗದ ಪುಡಿಯ ವಾಸನೆ ಇರುತ್ತಿತ್ತು. ನಮ್ಮ ದಿನವೆಲ್ಲ ಸೈರನ್ ಮೇಲೆ ನಡೆಯುತ್ತಿತ್ತು. ಅದು ಕೂಗಿದ ಮೇಲೆಯೇ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಮೊದಲ ಸಲ ಸಾಗರದ ದೊಡ್ಡಮ್ಮನ ಮನೆಗೆ ಹೋದಾಗ, "ಇಲ್ಲಿ ಸೈರನ್ ಎಷ್ಟು ಗಂಟೆಗೆ?" ಎಂದು ಕೇಳಿದ್ದೆನಂತೆ. ಎಲ್ಲ ಊರನ್ನೂ ಯಾವುದೋ ಕಾರ್ಖಾನೆಯೇ ಕಟ್ಟಿಸಿರುತ್ತದೆ ಎಂದು ನಾನು ತಿಳಿದಿದ್ದೆ.

ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅವಳಿರುವುದು ಶಿಕಾಗೋ ಹತ್ತಿರ. ಅಕ್ಟೋಬರ್‌ನಲ್ಲಿ ಒಂದು ದಿನ, "ಅಮ್ಮಾ, ಇಲ್ಲೊಂದು ಊರಿದೆ, ನಿನಗೆ ಖಂಡಿತ ಇಷ್ಟ ಆಗುತ್ತೆ, ನಡಿ" ಎಂದಳು. ರೈಲಿನಲ್ಲಿ ಶಹರದ ದಕ್ಷಿಣಕ್ಕೆ ಹೋಗಿ 111ನೇ ಬೀದಿಯ ಸ್ಟೇಷನ್ನಿನಲ್ಲಿ ಇಳಿದೆವು. ಊರಿನ ಹೆಸರು ಪುಲ್‌ಮನ್.

ರೈಲಿನಲ್ಲಿ ಮಲಗಿ ಹೋಗುವ ಐಷಾರಾಮಿ ಬೋಗಿಗಳನ್ನು ಮಾಡಿ ಹೆಸರಾದವನು ಜಾರ್ಜ್ ಪುಲ್‌ಮನ್. ಅವನು 1880ರಲ್ಲಿ ಕ್ಯಾಲುಮೆಟ್ ಕೆರೆಯ ಪಕ್ಕ 4,000 ಎಕರೆ ಹಿಡಿದು ಕಾರ್ಖಾನೆ ಶುರುಮಾಡಿದ. ಅದರ ಜೊತೆಗೇ ಕೆಲಸಗಾರರಿಗೆ ಒಂದು ಪೂರ್ತಿ ಊರು ಕಟ್ಟಿಸಿದ. ಮನೆ, ಮಾರ್ಕೆಟ್, ಚರ್ಚು, ಶಾಲೆ, ಲೈಬ್ರರಿ, ನಾಟಕ ಮಂದಿರ, ಎಲ್ಲವೂ ಕಂಪನಿಯದೇ. ಸೊಲೊನ್ ಬೀಮನ್ ಎನ್ನುವ ವಾಸ್ತುಶಿಲ್ಪಿ ಕಟ್ಟಡಗಳ ನಕ್ಷೆ ಮಾಡಿದ. ಬೀಮನ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮರ, ಬೀದಿ, ತೋಟ ನೋಡಿಕೊಂಡವನು ನೇಥನ್ ಬ್ಯಾರೆಟ್. ಇಟ್ಟಿಗೆಗೆ ಅದೇ ಕೆರೆಯ ಜೇಡಿಮಣ್ಣು. ಇಳಿದ ತಕ್ಷಣ ಕಣ್ಣಿಗೆ ಬೀಳುವುದು ಆ ಕೆಂಪು. ಸಾಲಿಗೆ ಸಾಲು ಕೆಂಪು ಇಟ್ಟಿಗೆ ಮನೆಗಳು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು. ನನಗೆ ಗಂಟಲು ಕಟ್ಟಿತು. ಮಗಳಿಗೆ ಏನೂ ಹೇಳಲಿಲ್ಲ.

ವರ್ಷಕ್ಕೊಮ್ಮೆ, ಅಕ್ಟೋಬರ್‌ನ ಒಂದು ಶನಿವಾರ ಭಾನುವಾರ, ಅಲ್ಲಿಯ ಕೆಲವು ಮನೆಯವರು ಬಾಗಿಲು ತೆರೆದಿಡುತ್ತಾರೆ. ಟಿಕೆಟ್ ತಗೊಂಡು ಒಂದೊಂದೇ ಮನೆ ನೋಡಬಹುದು. ಅವು ಮ್ಯೂಸಿಯಂಗಳಲ್ಲ. ಜನ ಸಂಸಾರ ಮಾಡಿಕೊಂಡಿರುವ ಮನೆಗಳು. ಫ್ರಿಜ್ ಮೇಲೆ ಮಕ್ಕಳು ಬಿಡಿಸಿದ ಚಿತ್ರ ಇತ್ತು. ಒಂದು ಮನೆಯಲ್ಲಿ ಮುದಿ ನಾಯಿ ಮೆಟ್ಟಿಲ ಮೇಲೆ ಮಲಗಿಕೊಂಡು, ಯಾರು ಬಂದರೂ ಏಳಲಿಲ್ಲ.

111ನೇ ಬೀದಿಯ ದೊಡ್ಡ ಮನೆಗಳು ಮೇಲಧಿಕಾರಿಗಳದು. ಎತ್ತರದ ಕೋಣೆಗಳು, ಬೆಂಕಿಗೂಡುಗಳು. ಚೆನ್ನಾಗಿದ್ದವು. ಆದರೆ ನಮ್ಮಲ್ಲೂ ಅಧಿಕಾರಿಗಳ ಬಂಗಲೆಗಳನ್ನು ನಾನು ಬೇಲಿಯ ಆಚೆಯಿಂದ ಬೇಕಾದಷ್ಟು ನೋಡಿದ್ದೇನೆ. ನನ್ನ ಕಾಲು ಎಳೆದದ್ದು ಒಳಗಿನ ಬೀದಿಗಳ ಕಡೆಗೆ.

ಅಲ್ಲೊಂದು ಸಣ್ಣ ಮನೆ. ಎದುರಿಗೆ ಎರಡು ಮೆಟ್ಟಿಲು. ಒಳಗೆ ಕಿರಿದಾದ ಹಜಾರ, ಅದರ ಹಿಂದೆ ಊಟದ ಕೋಣೆ, ಅದರ ಹಿಂದೆ ಅಡುಗೆಮನೆ. ಎರಡೂ ಕಡೆ ಪಕ್ಕದವರ ಗೋಡೆ ಇರುವುದರಿಂದ ನಡುಮನೆಗೆ ಬೆಳಕು ಬರಲು ದಾರಿಯೇ ಇಲ್ಲ. ಅದಕ್ಕೆ ಮೆಟ್ಟಿಲ ಮೇಲೆ ಸೂರಿನಲ್ಲೇ ಗಾಜು ಹಾಕಿ ಬೆಳಕು ಬಿಟ್ಟಿದ್ದಾರೆ. ನಮ್ಮ ಅಡುಗೆಮನೆಯ ಹಂಚಿನ ನಡುವೆ ಇದ್ದ ಗಾಜಿನ ಹಂಚಿನ ಹಾಗೇ. ಆ ಕಾಲಕ್ಕೆ ಕೆಲಸಗಾರನ ಮನೆಯೊಳಗೆ ನಲ್ಲಿ ನೀರು ಮತ್ತು ಗ್ಯಾಸ್ ಇದ್ದದ್ದು ದೊಡ್ಡ ಮಾತು. ಕೊಳಚೆ ನೀರನ್ನೂ ಸುಮ್ನೆ ಕೆರೆಗೆ ಬಿಡದೆ, ಕೊಳವೆಯಲ್ಲಿ ಕಂಪನಿಯ ಹೊಲಕ್ಕೆ ಸಾಗಿಸಿ ಗೊಬ್ಬರ ಮಾಡುತ್ತಿದ್ದರು. ಎಲ್ಲರಿಗೂ ಇಂಥ ಮನೆ ಸಿಗಲಿಲ್ಲ. ಕಡಿಮೆ ಸಂಬಳದವರು ದೊಡ್ಡ ವಠಾರಗಳಲ್ಲಿ ಇದ್ದರು. ಅಲ್ಲಿ ಹಲವು ಸಂಸಾರಕ್ಕೆ ಸೇರಿ ಒಂದೇ ನಲ್ಲಿ.

ಆ ಮನೆಯ ಯಜಮಾನಿ ನನ್ನಷ್ಟೇ ವಯಸ್ಸಿನವರು. ಮೆಟ್ಟಿಲ ಪಕ್ಕದ ಮರದ ಕೈಹಿಡಿಗೆ ಹಿಂದಿನವರು ಬಳಿದಿದ್ದ ಬಣ್ಣಗಳನ್ನು ಒಂದೊಂದೇ ಪದರ ಕೆರೆದು ಮೂಲ ಮರ ತೆಗೆದಿದ್ದರು. ಒಂದು ಚಳಿಗಾಲ ಪೂರ್ತಿ ಹಿಡಿಯಿತಂತೆ. ಮುಟ್ಟಬಹುದಾ ಎಂದು ಕೇಳಿದೆ. ಮುಟ್ಟಿ ಅಂದರು. ಮೇಲಿಂದ ಕೆಳಗಿನವರೆಗೆ ಕೈ ಸವರಿಕೊಂಡು ಬಂದೆ. ತಿರುವಿನಲ್ಲಿ ಎರಡು ತುಂಡು ಮರ ಕೂಡುವ ಜಾಗವೇ ಕೈಗೆ ಸಿಗಲಿಲ್ಲ. ಅಪ್ಪ ಇದ್ದಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು. ರೈಲು ಬೋಗಿಯ ಒಳಗಿನ ಮರಗೆಲಸಕ್ಕೆ ಹೆಸರಾದ ಕಾರ್ಖಾನೆ ಅದು. ಅಪ್ಪನಂಥವರು ನೂರಾರು ಜನ ಅಲ್ಲಿದ್ದರು ಎಂದು ಆಗ ಹೊಳೆಯಿತು.

ಇನ್ನೊಂದು ಮನೆಯ ಒಳಗೆಲ್ಲ ಹೊಸದು. ಹೊಸ ಅಡುಗೆಮನೆ, ಬಿಳಿ ಗೋಡೆ. ನಮ್ಮ ಜೊತೆ ಬಂದಿದ್ದ ಒಬ್ಬರಿಗೆ ಬೇಜಾರಾಯಿತು. ನನಗೆ ಖುಷಿಯಾಯಿತು. ಅಲ್ಲಿಯ ನಿಯಮ ಕಾಯುವುದು ಬೀದಿಗೆ ಕಾಣುವ ಹೊರಮೈಯನ್ನು. ಇಟ್ಟಿಗೆ, ಕಿಟಕಿ, ಸೂರು ಮೊದಲಿನ ಹಾಗೇ ಇರಬೇಕು. ಒಳಗೆ ಯಾವ ಒಲೆ ಇಡಬೇಕು ಎನ್ನುವುದು ಮನೆಯವರ ಇಷ್ಟ. ಹಾಗಿಲ್ಲದಿದ್ದರೆ ಯಾವ ಹೆಂಗಸು ತಾನೇ 1880ರ ಅಡುಗೆಮನೆಯಲ್ಲಿ ಅಡುಗೆ ಮಾಡಿಕೊಂಡಿರುತ್ತಾಳೆ?

ಊರಿನ ಕತೆ ಅಷ್ಟು ಸಿಹಿಯಲ್ಲ. ಪುಲ್‌ಮನ್ ಒಳ್ಳೆ ಮನೆ ಕಟ್ಟಿಸಿದ, ಆದರೆ ಒಂದನ್ನೂ ಮಾರಲಿಲ್ಲ. ಮನೆಗೆ ಹಾಕಿದ ದುಡ್ಡಿಗೂ ನೂರಕ್ಕೆ ಆರು ಲಾಭ ಬರಬೇಕೆಂಬ ಲೆಕ್ಕ ಅವನದು. ಹಸಿರು ಕಲ್ಲಿನ ಚಂದದ ಚರ್ಚು ಕಟ್ಟಿಸಿ ಅದಕ್ಕೂ ಬಾಡಿಗೆ ಇಟ್ಟ. ಆ ಬಾಡಿಗೆ ಕೊಡಲಾಗದೆ ವರ್ಷಗಟ್ಟಲೆ ಯಾವ ಪಂಗಡದವರೂ ಅದನ್ನು ತಗೊಳ್ಳಲಿಲ್ಲ. 1893ರಲ್ಲಿ ಶಿಕಾಗೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ನಮ್ಮ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಅದೇ ವರ್ಷ, ಅದೇ ಸಂದರ್ಭದಲ್ಲಿ. ಪ್ರದರ್ಶನಕ್ಕೆ ಬಂದವರು ಈ ಮಾದರಿ ಊರನ್ನೂ ನೋಡಿಕೊಂಡು ಹೋಗುತ್ತಿದ್ದರು. ಅದೇ ವರ್ಷ ದೇಶದ ಹಣಕಾಸು ಕುಸಿಯಿತು. ಬೋಗಿಗಳಿಗೆ ಬೇಡಿಕೆ ಇಲ್ಲ. ಕಂಪನಿ ಸಂಬಳ ಕಡಿಮೆ ಮಾಡಿತು, ಮನೆ ಬಾಡಿಗೆ ಮಾತ್ರ ಇಳಿಸಲಿಲ್ಲ. 1894ರ ಮೇ ತಿಂಗಳಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಯೂಜೀನ್ ಡೆಬ್ಸ್ ಮುಂದಾಳಾಗಿದ್ದ ರೈಲ್ವೆ ಯೂನಿಯನ್ ಅವರ ಜೊತೆ ನಿಂತು, ಪುಲ್‌ಮನ್ ಬೋಗಿ ಇರುವ ರೈಲುಗಳನ್ನು ಮುಟ್ಟುವುದಿಲ್ಲ ಎಂದಿತು. ಅರ್ಧ ದೇಶದ ರೈಲು ನಿಂತವು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯ ಕಳಿಸಿದರು. ಗುಂಡು ಹಾರಿತು, ಜನ ಸತ್ತರು, ಮುಷ್ಕರ ಮುರಿಯಿತು.

ಮೂರು ವರ್ಷ ಕಳೆದು 1897ರಲ್ಲಿ ಪುಲ್‌ಮನ್ ಸತ್ತಾಗ, ಸಿಟ್ಟಾದವರು ಹೆಣ ಕಿತ್ತಾರು ಎಂಬ ಭಯಕ್ಕೆ ಗೋರಿಯ ಮೇಲೆ ಕಾಂಕ್ರೀಟ್ ಸುರಿದು ರೈಲು ಕಂಬಿ ಹಾಕಿದರು. ಮರುವರ್ಷ ಇಲಿನಾಯ್ ಸುಪ್ರೀಂ ಕೋರ್ಟು, ಬೋಗಿ ಮಾಡುವ ಕಂಪನಿಗೆ ಊರಿನ ಒಡೆತನ ಇಟ್ಟುಕೊಳ್ಳುವ ಹಕ್ಕಿಲ್ಲ ಎಂದಿತು. ಹತ್ತು ವರ್ಷದ ಒಳಗೆ ಮನೆಗಳು ಮಾರಾಟವಾದವು.

ನನಗೆ ಆ ಊರಿನ ಎಲ್ಲ ಕತೆ ಇಲ್ಲಿಂದಲೇ ಶುರುವಾಗುತ್ತದೆ ಅನ್ನಿಸಿತು. 1960ರಲ್ಲಿ, ಈ ಹಳೆ ಮನೆಗಳನ್ನೆಲ್ಲ ಕೆಡವಿ ಕೈಗಾರಿಕೆಗಳಿಗೆ ಜಾಗ ಮಾಡೋಣ ಎಂಬ ಸಲಹೆ ಬಂತು. ಅಲ್ಲಿಯ ಜನ ಸಂಘ ಕಟ್ಟಿಕೊಂಡು ಎದ್ದರು. ಬಾಡಿಗೆಯವರಾಗಿದ್ದರೆ ಗಂಟು ಮೂಟೆ ಕಟ್ಟಿ ಹೋಗುತ್ತಿದ್ದರೇನೋ. ಮನೆ ಅವರದಾಗಿತ್ತು. 1970ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. 2015ರಲ್ಲಿ ಅಧ್ಯಕ್ಷ ಒಬಾಮ ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. 1998ರಲ್ಲಿ ಬೆಂಕಿ ಬಿದ್ದು ಹಾಳಾಗಿದ್ದ ಗಡಿಯಾರ ಗೋಪುರದ ಕಟ್ಟಡವನ್ನು ಸರಿಮಾಡಿ, ಈಗ ಅಲ್ಲಿ ಊರಿನ ಕತೆ ಹೇಳುತ್ತಾರೆ. ಬೋಗಿಗಳಲ್ಲಿ ದುಡಿದ ಕರಿಯ ಪೋರ್ಟರುಗಳದ್ದೂ ಒಂದು ಮ್ಯೂಸಿಯಂ ಇದೆ. ರಾಂಡಾಲ್ಫ್ ಎಂಬ ನಾಯಕರ ಜೊತೆ 1925ರಲ್ಲಿ ಯೂನಿಯನ್ ಕಟ್ಟಿ, 1937ರಲ್ಲಿ ಕಂಪನಿಯಿಂದ ಒಪ್ಪಂದ ಪಡೆದವರು ಅವರು. ಹನ್ನೆರಡು ವರ್ಷ!

ಊರಿಗೆ ಬಂದ ಮೇಲೆ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಈಗ ಎಂಬತ್ತನಾಲ್ಕು. ಜನ್ನಾಪುರದ ಮನೆಯಲ್ಲಿ ತಮ್ಮನ ಜೊತೆ ಇದ್ದಾಳೆ. ಫೋನಿನಲ್ಲಿದ್ದ ಫೋಟೋಗಳನ್ನು ಹತ್ತಿರ ಹಿಡಿದು ನೋಡಿದಳು.

"ಹಿತ್ತಲು ಎಷ್ಟುದ್ದ ಇದೆಯೇ?"

"ಸಣ್ಣದಮ್ಮ, ಬಟ್ಟೆ ಒಣಗಿಸುವಷ್ಟು."

"ನುಗ್ಗೆಮರ ಹಾಕಕ್ಕೂ ಜಾಗ ಇಲ್ಲ ಅಂತಾಯ್ತು. ಬಾಡಿಗೆ ಸಂಬಳದಲ್ಲೇ ಹಿಡ್ಕೊಳ್ತಿದ್ರಾ?"

ಅದನ್ನು ನಾನು ಅಲ್ಲಿ ಕೇಳಿಕೊಂಡಿದ್ದೆ. ಸಂಬಳದ ದಿನ ಎರಡು ಚೆಕ್ ಕೊಡುತ್ತಿದ್ದರಂತೆ. ಒಂದು ಸರಿಯಾಗಿ ಬಾಡಿಗೆಯಷ್ಟು. ಅದಕ್ಕೆ ಅಲ್ಲೇ ಸಹಿ ಹಾಕಿ ವಾಪಸ್ ಕೊಡಬೇಕು. ಉಳಿದದ್ದು ಮನೆಗೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಒಂದ್ಸಲ ನಮ್ಮ ಮನೆ ನೋಡ್ಕೊಂಡು ಬರೋಣ" ಅಂದಳು. ಅಪ್ಪ ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ಅವಳು ಆ ಬೀದಿಗೆ ಹೋಗಿಯೇ ಇರಲಿಲ್ಲ.

ನಮ್ಮ ಊರಿನ ಕತೆಯೂ ಸಣ್ಣದಲ್ಲ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನ ಪಕ್ಕ, ಭದ್ರಾ ಹೊಳೆಯ ದಂಡೆಯಲ್ಲಿ, ಮೈಸೂರು ಸರ್ಕಾರ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. ಅದರ ಹಿಂದೆ ಇದ್ದವರು ವಿಶ್ವೇಶ್ವರಯ್ಯ. ಸಲಹೆ ಕೊಟ್ಟ ಎಂಜಿನಿಯರ್ ನ್ಯೂಯಾರ್ಕಿನ ಸಿ. ಪಿ. ಪೆರಿನ್, ಟಾಟಾ ಕಾರ್ಖಾನೆಗೂ ಕೆಲಸ ಮಾಡಿದವರು. ಅದಿರು ಕೆಮ್ಮಣ್ಣುಗುಂಡಿಯಿಂದ. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇಲ್ಲದ್ದಕ್ಕೆ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿದರು. 1923ರಲ್ಲಿ ಮೊದಲ ಕಬ್ಬಿಣ ಹೊರಬಂತು. ಆ ಇದ್ದಿಲಿಗೆ ಎಷ್ಟು ಕಾಡು ಹೋಯಿತು ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಕಾಡಿನ ಬೆಲೆಗೇ ನಮ್ಮಂಥ ಸಾವಿರಾರು ಮನೆಗಳಲ್ಲಿ ಅನ್ನ ಬೆಂದಿತು. ಎರಡನ್ನೂ ಒಟ್ಟಿಗೆ ಹೇಳಬೇಕು. ಆಮೇಲೆ ಕಾಗದದ ಕಾರ್ಖಾನೆ ಬಂತು, ಅದಕ್ಕೊಂದು ಪೇಪರ್ ಟೌನ್ ಬಂತು. ಕಾಗದ ನಿಂತದ್ದು 2015ರಲ್ಲಿ. ಕಬ್ಬಿಣಕ್ಕೆ ನೂರು ತುಂಬಿದ ವರ್ಷದ ಶುರುವಿನಲ್ಲೇ, 2023ರ ಜನವರಿಯಲ್ಲಿ, ಮುಚ್ಚುವ ಸುದ್ದಿ ಬಂತು. ಊರೆಲ್ಲ ಬೀದಿಗಿಳಿಯಿತು. ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು.

ಒಂದು ಭಾನುವಾರ ಆಟೋದಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ಮಳೆ ಬಿಟ್ಟ ಹೊತ್ತು. ರಸ್ತೆಯ ಎರಡೂ ಕಡೆ ದೊಡ್ಡ ಮಳೆಮರಗಳು, ಕೆಳಗೆಲ್ಲ ಅವುಗಳ ಗುಲಾಬಿ ಬಣ್ಣದ ಹೂವಿನ ಎಳೆ. ಕೆಲವು ಮನೆಗಳಿಗೆ ಬೀಗ. ನಮ್ಮ ಮನೆಯಲ್ಲಿ ಒಂದು ಎಳೆಯ ಸಂಸಾರ ಇತ್ತು. ಯಾರು ಏನು ಎಂದು ಹೇಳಿದ ತಕ್ಷಣ ಆ ಹುಡುಗಿ, "ಬನ್ನಿ ಅಜ್ಜಿ, ಒಳಗ್ ಬನ್ನಿ" ಎಂದು ಕೈ ಹಿಡಿದುಕೊಂಡಳು.

ಕೆಂಪು ನೆಲ ಹಾಗೇ ಇದೆ. ಬಚ್ಚಲಲ್ಲಿ ಹಂಡೆ ಒಲೆ ಹೋಗಿ ಗೀಸರ್ ಬಂದಿದೆ. ಅಮ್ಮ ಅತ್ತಿತ್ತ ನೋಡದೆ ನೆಟ್ಟಗೆ ಹಿತ್ತಲ ಬಾಗಿಲಿಗೆ ಹೋದಳು. ಅಲ್ಲಿ ಅಪ್ಪ ಮಾಡಿ ಹಾಕಿದ್ದ ತೇಗದ ಅಗುಳಿ ಇತ್ತು. ಕಂಪನಿ ಕೊಟ್ಟ ಕಬ್ಬಿಣದ ಚಿಲಕ ತುಕ್ಕು ಹಿಡಿದಾಗ, ಒಂದು ರಜೆಯ ದಿನ ಕೂತು ಮಾಡಿದ್ದು. ಅಮ್ಮ ಒಂದು ಬೆರಳಲ್ಲಿ ಅದನ್ನು ಸರಿಸಿದಳು. ಶಬ್ದವೇ ಇಲ್ಲದೆ ಜಾರಿತು. ಮತ್ತೆ ಹಾಕಿದಳು, ಮತ್ತೆ ತೆಗೆದಳು. "ಇದು ಬಲು ಗಟ್ಟಿ ಇದೆ ಅಜ್ಜಿ, ನಾವು ಬದಲಾಯಿಸಲೇ ಇಲ್ಲ" ಎಂದಳು ಹುಡುಗಿ.

ಅವತ್ತು ಆ ಬೀದಿಯಲ್ಲಿ ಇನ್ನೂ ಮೂರು ಮನೆ ನೋಡಿದೆವು. ಕೇಳಿದವರೆಲ್ಲ ಒಳಗೆ ಕರೆದರು, ಒಂದು ಮನೆಯಲ್ಲಿ ಕಾಫಿಯನ್ನೂ ಕೊಟ್ಟರು. ಯಾವ ಕಿಟಕಿ ಹಳೆಯದು, ಯಾವ ನೆಲ ಮೊದಲಿನದು, ಯಾವ ಮನೆಯಲ್ಲಿ ಯಾರಿದ್ದರು ಎಂದು ಅಮ್ಮ ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಆ ನೋಟ್‌ಬುಕ್ಕಿನಲ್ಲಿ ಈಗ ಹದಿನಾರು ಪುಟ ತುಂಬಿದೆ. ನ್ಯೂ ಟೌನಿನಲ್ಲೋ ಪೇಪರ್ ಟೌನಿನಲ್ಲೋ ಇದ್ದವರು ಇದನ್ನು ಓದುತ್ತಿದ್ದರೆ, ನಿಮ್ಮ ಕ್ವಾರ್ಟರ್ಸ್ ನಂಬರ್, ಇದ್ದ ವರ್ಷಗಳು, ಮನೆಯ ಒಳಗಿನ ಒಂದು ಹಳೆ ಫೋಟೋ ಕಳಿಸಿಕೊಡಿ. ಅಡುಗೆಮನೆಯ ಫೋಟೋ ಇದ್ದರೆ ಅದನ್ನೇ ಕಳಿಸಿ. ನಮ್ಮಲ್ಲಿ ಯಾರೂ ಅದನ್ನು ತೆಗೆಸಿಕೊಂಡೇ ಇಲ್ಲ.