ಓಡುವವರು ಭಾರ ಎತ್ತುವಾಗ ಮೀನಖಂಡದಿಂದ ಶುರು ಮಾಡಲಿ

ವಾರಕ್ಕೆ ನಲವತ್ತು ಕಿಲೋಮೀಟರ್ ಓಡುವ ಕಾಲಿಗೆ ಬೇರೆ ವ್ಯಾಯಾಮ ಯಾಕೆ ಎಂದು ಕೇಳುವವರು ಬಹಳ. ಒಂದು ಲೆಕ್ಕ ಹಾಕೋಣ. ಕಿಲೋಮೀಟರಿಗೆ ಆರು ನಿಮಿಷ, ನಿಮಿಷಕ್ಕೆ 170 ಹೆಜ್ಜೆ ಎಂದಿಟ್ಟುಕೊಂಡರೆ ಹತ್ತು ಕಿಲೋಮೀಟರಿನಲ್ಲಿ ಒಂದೊಂದು ಕಾಲೂ ಐದು ಸಾವಿರ ಸಲ ನೆಲಕ್ಕೆ ಬೀಳುತ್ತದೆ. ಪ್ರತಿ ಸಲವೂ ಅದು ಹೊರುವುದು ದೇಹತೂಕದ ಎರಡು ಮೂರು ಪಟ್ಟು. ಇದರಿಂದ ಕಾಲಿಗೆ ತಾಳಿಕೆ ಬರುತ್ತದೆ, ಆದರೆ ಬಲ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ಅದು ಮುಂದಕ್ಕೆ ಹೋಗಬೇಕಾದರೆ ಐದಾರು ಸಲ ಎತ್ತುವಷ್ಟರಲ್ಲಿ ಸಾಕಾಗುವ ಭಾರ ಬೇಕು. ಗರಡಿಯಲ್ಲಿ ನೂರಾರು ಬಸ್ಕಿ ಹೊಡೆಯುವುದು ಕುಸ್ತಿಗೆ ಸರಿಯೇ. ತಾಳಿಕೆ ಮೊದಲೇ ಇರುವ ಓಟಗಾರರಿಗೆ ಅದರಿಂದ ಹೊಸದಾಗಿ ದಕ್ಕುವುದು ಕಡಿಮೆ.

ಜಿಮ್‌ಗೆ ಹೋದ ಓಟಗಾರರು ಸಾಮಾನ್ಯವಾಗಿ ತೊಡೆಯ ಹತ್ತಿರವೇ ನಿಲ್ಲುತ್ತಾರೆ. ಓಟದಲ್ಲಿ ಅತಿ ಹೆಚ್ಚು ಹೊರೆ ಬೀಳುವುದು ಮೀನಖಂಡಕ್ಕೆ, ಅದರಲ್ಲೂ ಒಳಪದರದ ಸೋಲಿಯಸ್ ಸ್ನಾಯುವಿಗೆ. ಅಂದಾಜಿನ ಪ್ರಕಾರ ಈ ಒಂದೇ ಸ್ನಾಯು ದೇಹತೂಕದ ಆರರಿಂದ ಎಂಟು ಪಟ್ಟು ಬಲ ಹಾಕುತ್ತದೆ. ಮೇಲ್ಪದರದ ಗ್ಯಾಸ್ಟ್ರೊನೀಮಿಯಸ್ ಮಂಡಿಯನ್ನು ದಾಟಿ ಹೋಗುತ್ತದೆ. ಹಾಗಾಗಿ ಮಂಡಿ ಮಡಿಚಿದಾಗ ಅದು ಸಡಿಲಾಗಿ, ಕೆಲಸದ ಬಹುಪಾಲು ಸೋಲಿಯಸ್ ಮೇಲೆ ಬೀಳುತ್ತದೆ. ಓಡುವಾಗ ಪಾದ ನೆಲದಲ್ಲಿರುವಷ್ಟು ಹೊತ್ತೂ ಮಂಡಿ ಸ್ವಲ್ಪ ಮಡಿಚಿಯೇ ಇರುತ್ತದೆ. ನಲವತ್ತು ದಾಟಿದವರಲ್ಲಿ ಮೀನಖಂಡ ಹಿಡಿದುಕೊಳ್ಳುವುದು, ಅಕಿಲಿಸ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು) ನೋಯುವುದು ಹೆಚ್ಚು ಕಾಣುವುದಕ್ಕೆ ವಯಸ್ಸಿನ ಜೊತೆ ಇಲ್ಲಿನ ಬಲ ಇಳಿಯುವುದೂ ಒಂದು ಕಾರಣ.

ಮೊದಲು ಪರೀಕ್ಷೆ. ಗೋಡೆಗೆ ಎರಡು ಬೆರಳು ತಾಗಿಸಿ, ಒಂಟಿ ಕಾಲಲ್ಲಿ ನಿಂತು, ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತಿ ಇಳಿಸಿ. ಏರಲು ಒಂದು ಸೆಕೆಂಡ್, ಇಳಿಯಲು ಒಂದು. ಹಿಮ್ಮಡಿ ಮೊದಲಿನಷ್ಟು ಎತ್ತರಕ್ಕೆ ಬಾರದಿದ್ದರೆ ಅಥವಾ ಮಂಡಿ ಮಡಿಚತೊಡಗಿದರೆ ಎಣಿಕೆ ಅಲ್ಲಿಗೇ ಮುಗಿಯಿತು. ಇಪ್ಪತ್ತೈದು ಬಂದರೆ ಚೆನ್ನಾಗಿದೆ. ಎರಡು ಕಾಲಿಗೂ ಐದಾರರ ವ್ಯತ್ಯಾಸವಿದ್ದರೆ ಸೋತ ಕಾಲಿಗೆ ಒಂದು ಸೆಟ್ ಹೆಚ್ಚು ಕೊಡಿ.

ವ್ಯಾಯಾಮ ಎರಡು. ಒಂದು, ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ, ಮಂಡಿ ನೆಟ್ಟಗಿಟ್ಟು ಒಂಟಿ ಕಾಲಲ್ಲಿ ಏರಿಳಿಯುವುದು. ಬೆನ್ನಿಗೆ ಹತ್ತು ಕಿಲೋ ತುಂಬಿದ ಬ್ಯಾಗ್ ಇರಲಿ. ಎರಡನೆಯದು, ಕುರ್ಚಿಯಲ್ಲಿ ಕೂತು, ಪಾದದ ಮುಂಭಾಗವನ್ನು ಮರದ ಹಲಗೆಯ ಮೇಲಿಟ್ಟು, ಮಂಡಿಗೆ ಸ್ವಲ್ಪ ಹಿಂದೆ ತೊಡೆಯ ಮೇಲೆ ಭಾರ ಹೇರಿ ಹಿಮ್ಮಡಿ ಎತ್ತುವುದು. ಸೋಲಿಯಸ್‌ಗೆ ಬೇಕಾದದ್ದು ಇದೇ. ಜಿಮ್ ಇಲ್ಲದವರಿಗೆ ಇಪ್ಪತ್ತೈದು ಕಿಲೋದ ಅಕ್ಕಿ ಚೀಲ, ಕೆಳಗೊಂದು ಮಡಿಸಿದ ಟವೆಲ್ ಸಾಕು. ಅದು ಹಗುರ ಎನಿಸುವ ದಿನ ಬೇಗ ಬರುತ್ತದೆ. ಆಮೇಲೆ ಸ್ಮಿತ್ ಮಷೀನ್ (ಹಳಿಯಲ್ಲಿ ಮೇಲೆ ಕೆಳಗೆ ಜಾರುವ ಭಾರದ ಸಲಾಕೆ) ಅಥವಾ ಸೀಟೆಡ್ ಕಾಫ್ ಮಷೀನ್ ಇಲ್ಲದೆ ಮುಂದುವರಿಯುವುದು ಕಷ್ಟ. ಎರಡರಲ್ಲೂ ಮೂರು ಸೆಟ್, ಸೆಟ್ಟಿಗೆ ಆರರಿಂದ ಎಂಟು. ಏರಲು ಮೂರು ಸೆಕೆಂಡ್, ಮೇಲೆ ಒಂದು ಸೆಕೆಂಡ್ ತಡೆ, ಇಳಿಯಲು ಮೂರು.

ಬಹುತೇಕರು ಕೆಡಿಸಿಕೊಳ್ಳುವುದು ಪುಟಿದು ಪುಟಿದು ಮಾಡುವುದರಿಂದ. ಪುಟಿದರೆ ಅಕಿಲಿಸ್ ಸ್ಪ್ರಿಂಗಿನ ಹಾಗೆ ಎತ್ತಿಕೊಡುತ್ತದೆ, ಸ್ನಾಯುವಿಗೆ ಕೆಲಸವೇ ಇರುವುದಿಲ್ಲ. ಕೆಳಗಿನ ತುದಿಯಲ್ಲೂ ಒಂದು ಕ್ಷಣ ನಿಲ್ಲಿ. ಪಾದ ಕಿರುಬೆರಳಿನ ಕಡೆಗೆ ವಾಲುವುದು ಇನ್ನೊಂದು ತಪ್ಪು. ಭಾರ ಹೆಬ್ಬೆರಳಿನ ಬುಡದ ಮೇಲೇ ಇರಬೇಕು. ಅಕಿಲಿಸ್ ನೋವು ಹಿಮ್ಮಡಿ ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ ಇಳಿಯಬೇಡಿ, ನೆಲದ ಮೇಲೇ ಮಾಡಿ. ಕೆಳಗಿಳಿದಾಗ ಸ್ನಾಯುರಜ್ಜು ಮೂಳೆಗೆ ಒತ್ತಿ ಕೆರಳುತ್ತದೆ. ವ್ಯಾಯಾಮದಲ್ಲಿ ಹತ್ತಕ್ಕೆ ಮೂರರಷ್ಟು ನೋವಿದ್ದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆ ಹಾಸಿಗೆ ಬಿಟ್ಟಿಳಿದ ಮೊದಲ ಹೆಜ್ಜೆಗಳಲ್ಲಿ ಬಿಗಿತ ಎಂದಿಗಿಂತ ಹೆಚ್ಚಿದ್ದರೆ ಭಾರ ಇಳಿಸಿ.

ತೊಡೆ, ಸೊಂಟಕ್ಕೆ ಎರಡೇ ಸಾಕು: ಸ್ಕ್ವಾಟ್, ಅಂದರೆ ಭಾರ ಹೊತ್ತ ಬಸ್ಕಿ (ಅಥವಾ ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್) ಮತ್ತು ಮಂಡಿ ಕೊಂಚವೇ ಮಡಿಚಿ ಸೊಂಟದಿಂದ ಬಾಗಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್. ಮೂರು ಸೆಟ್, ಐದೈದು. ಇನ್ನೆರಡು ಎತ್ತಬಹುದಿತ್ತು ಅನ್ನುವಾಗಲೇ ನಿಲ್ಲಿಸಿ. ನಡುವೆ ಎರಡು ಮೂರು ನಿಮಿಷ ಪೂರ್ತಿ ವಿಶ್ರಾಂತಿ. ಇಲ್ಲಿ ಏದುಸಿರು ಬಂದರೆ ಅದು ಇನ್ನೊಂದು ಓಟವಾಯಿತು ಅಷ್ಟೆ. ಮೈ ದಪ್ಪವಾಗುತ್ತದೆ ಎಂಬ ಭಯ ಬೇಡ. ಮೊದಲ ಆರೆಂಟು ವಾರ ಹೆಚ್ಚುವ ಬಲದ ಬಹುಪಾಲು, ಇರುವ ಸ್ನಾಯುವನ್ನೇ ನರಗಳು ಚೆನ್ನಾಗಿ ದುಡಿಸಿಕೊಳ್ಳುವುದರಿಂದ ಬರುತ್ತದೆ. 1999ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ಓಟಗಾರರು ಒಂಬತ್ತು ವಾರ ತರಬೇತಿಯ ಮೂರನೇ ಒಂದು ಭಾಗವನ್ನು ಜಿಗಿತ, ಸ್ಪ್ರಿಂಟ್ ಮತ್ತು ವೇಗದ ಭಾರ ವ್ಯಾಯಾಮಕ್ಕೆ ಬಿಟ್ಟುಕೊಟ್ಟರು. ಅವರ ವಿಒ2 ಮ್ಯಾಕ್ಸ್ (ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಏರಲಿಲ್ಲ, ಆದರೂ 5 ಕಿಲೋಮೀಟರ್ ಸಮಯ ಸುಧಾರಿಸಿತು. ಅದೇ ಆಮ್ಲಜನಕದಲ್ಲಿ ಹೆಚ್ಚು ವೇಗ ಸಿಕ್ಕಿತು. ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಲಾಭ.

ವಾರಕ್ಕೆ ಎರಡು ದಿನ, ನಲವತ್ತು ನಿಮಿಷ. ಭಾನುವಾರ ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಇದ್ದರೆ ಶನಿವಾರ ಭಾರ ಎತ್ತಬೇಡಿ. ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಮಾಡುವ ವೇಗದ ಓಟ) ಓಡಿದ ದಿನವೇ ಸಂಜೆ, ಕನಿಷ್ಠ ಆರು ಗಂಟೆ ಬಿಟ್ಟು ಎತ್ತಿದರೆ ಮರುದಿನ ಪೂರ್ತಿ ಹಗುರವಾಗಿರುತ್ತದೆ. ಹಗುರ ಓಟದ ದಿನಕ್ಕೆ ಜಿಮ್ ಸೇರಿಸಿದರೆ ವಾರದಲ್ಲಿ ಚೇತರಿಕೆಯ ದಿನವೇ ಉಳಿಯುವುದಿಲ್ಲ.

ಪ್ರೋಟೀನ್ ಕಡೆ ನಮ್ಮ ಊಟದಲ್ಲಿ ಕೊರತೆ ಇದೆ. ದೇಹತೂಕದ ಕಿಲೋಗೆ 1.6 ಗ್ರಾಂ ಗುರಿ, ಅಂದರೆ 60 ಕಿಲೋದವರಿಗೆ 96 ಗ್ರಾಂ. ಮುದ್ದೆ, ಸೊಪ್ಪಿನ ಸಾರಿನಿಂದ ಅಷ್ಟು ಬರದು. ಹುರುಳಿ, ಕಡಲೆ, ಮೊಸರು, ಮೊಟ್ಟೆ ದಿನವೂ ಬೇಕು.

ಬೆಂಗಳೂರಿನ 10ಕೆ (ಹತ್ತು ಕಿಲೋಮೀಟರ್ ಓಟ) ಈಚಿನ ವರ್ಷಗಳಲ್ಲಿ ಏಪ್ರಿಲ್ ಕೊನೆಗೆ ನಡೆಯುತ್ತಿದೆ. ಅದಕ್ಕೆ ಓಡುವವರು ಜನವರಿಯಲ್ಲೇ ಭಾರ ಶುರು ಮಾಡಬೇಕು. ಎಂಟು ವಾರ ಕಳೆದ ಮೇಲೆ, ಬೆಚ್ಚಗಾದ ಕಾಲಲ್ಲಿ, ಮಂಡಿ ಹೆಚ್ಚು ಮಡಿಸದೆ ಕಣಕಾಲಿಂದಲೇ ಪುಟಿಯುವ ಜಿಗಿತ ಸೇರಿಸಿ: ಇಪ್ಪತ್ತರಂತೆ ಮೂರು ಸೆಟ್, ಮಣ್ಣಿನ ನೆಲದಲ್ಲಿ. ಭಾರ ಎತ್ತುವ ಕೊನೆಯ ಎರಡು ವಾರ ಭಾರ ಅಷ್ಟೇ ಇಟ್ಟು ಸೆಟ್‌ಗಳನ್ನು ಅರ್ಧ ಮಾಡಿ. ಕೊನೆಯ ಸಲ ಭಾರ ಎತ್ತಿದ ಮೇಲೆ ಓಟಕ್ಕೆ ಒಂದು ವಾರವಾದರೂ ಬಿಡುವಿರಲಿ. ಆ ವಾರ ಹೊಸ ವ್ಯಾಯಾಮ ಯಾವುದನ್ನೂ ಮುಟ್ಟಬೇಡಿ.