ಮೊಟ್ಟೆ ಬೇಯುವ ಹೊತ್ತು

ಬೆಳಿಗ್ಗೆ ಬೇಯಲು ಇಟ್ಟಿದ್ದ ಮೊಟ್ಟೆಗಳಲ್ಲಿ ಒಂದು ಬಿರುಕು ಬಿಟ್ಟಿತು. ಹೊರಗೆ ಬಂದ ಲೋಳೆ ಕಣ್ಣೆದುರೇ ಬೆಳ್ಳಗೆ ಗಟ್ಟಿಯಾಯಿತು. ಲೋಳೆಯಲ್ಲಿರುವ ಪ್ರೋಟೀನ್ ಎಳೆ ತುಂಡಾಗಿಲ್ಲ, ಅದರ ಮಡಿಕೆ ಬಿಚ್ಚಿಕೊಂಡಿದೆ ಅಷ್ಟೇ. ಬಿಚ್ಚಿದ ಎಳೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ತಣ್ಣಗಾದರೂ ಮತ್ತೆ ಲೋಳೆಯಾಗುವುದಿಲ್ಲ.

ನಮ್ಮ ಮೈಯೊಳಗೂ ಇಂಥ ಪ್ರೋಟೀನ್ ಸರಗಳೇ ಅಲ್ವಾ? ಬರೀ 20 ಬಗೆಯ ಅಮೈನೋ ಆಮ್ಲದ ಮಣಿಗಳು. ಒಂದು ಥರ ಪೋಣಿಸಿದರೆ ಕೂದಲಿನ ಕೆರಾಟಿನ್, ಇನ್ನೊಂದು ಥರ ಪೋಣಿಸಿದರೆ ಇನ್ಸುಲಿನ್. ರಕ್ತದ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರ, ಒಟ್ಟು 574 ಮಣಿ. ಅವುಗಳಲ್ಲಿ ಬೀಟಾ ಎಂಬ ಸರದ ಆರನೇ ಮಣಿಯೊಂದು ಬದಲಾಗಿ, ಅದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ, ದುಂಡನೆಯ ರಕ್ತಕಣ ಕುಡುಗೋಲಿನಂತೆ ಬಾಗಿಬಿಡುತ್ತದೆ. ಒಂದೇ ಒಂದು ಮಣಿ!

ಸುಮ್ನೆ ಇದನ್ನೇ ಯೋಚಿಸುತ್ತಾ ನಿಂತೆ. ಮೊಟ್ಟೆ ಜಾಸ್ತಿಯೇ ಬೆಂದು, ಹಳದಿಯ ಸುತ್ತ ಹಸಿರು ಬಳೆ ಮೂಡಿತ್ತು.