ಕಲ್ಲು ಮಗುಚಿ ಓದಿದ ಹೊಳೆ

ಮಂಡ್ಯದಲ್ಲಿ ಬೆಳೆದವರಿಗೆ ಹೊಳೆ ಅಂದರೆ ಕಾವೇರಿ, ನೀರು ಅಂದರೆ ಕನ್ನಂಬಾಡಿ ಕಟ್ಟೆ. ಕಟ್ಟೆ ತುಂಬಿದರೆ 124.80 ಅಡಿ ಅಂತ ಶಾಲೆಯ ಮೆಟ್ಟಿಲು ಹತ್ತದವರೂ ಹೇಳುತ್ತಾರೆ. ಆದರೆ ಬಿ.ಎಸ್ಸಿ.ಯಲ್ಲಿ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಆರಿಸಿಕೊಂಡಿದ್ದು ಲೋಕಪಾವನಿಯನ್ನು. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರದ ಬಯಲಲ್ಲಿ ಹರಿದು, ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುವ ಸಣ್ಣ ಹೊಳೆ ಅದು. ಕಾವೇರಿಯನ್ನು ಒಂದು ತರಗತಿ ಪೂರ್ತಿಯಾಗಿ ನೋಡುವುದಕ್ಕೆ ಆಗಲ್ಲ, ಇದನ್ನು ನೋಡಬಹುದು ಅನ್ನೋದು ಅವರ ಲೆಕ್ಕ.

ಮೊದಲ ಪಾಠ ನಡೆದದ್ದು ಲ್ಯಾಬಿನ ಮೇಜಿನ ಮೇಲೆ. ಸರ್ವೆ ಆಫ್ ಇಂಡಿಯಾದ ನಕ್ಷೆ ಹರಡಿ, ಎತ್ತರ ತೋರಿಸುವ ಕಂದು ಗೆರೆಗಳನ್ನು ನೋಡುತ್ತಾ, ಬಿದ್ದ ಮಳೆ ಯಾವ ದಿಬ್ಬದ ಮೇಲೆ ಎರಡು ಕಡೆಗೆ ಇಳಿಯುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಬೇಕಿತ್ತು. ಗೆರೆ ಸುತ್ತಿ ಬಂದು ಕೂಡಿದಾಗ ಅದರೊಳಗೆ ಬೆಟ್ಟ, ಕೆರೆ, ಊರು, ರಾಗಿ ಹೊಲ, ಗದ್ದೆ ಎಲ್ಲವೂ ಇದ್ದವು. "ಇದಿಷ್ಟೂ ಹೊಳೆಯೇ ಕಣ್ರಯ್ಯ" ಅಂದರು ಮೇಷ್ಟ್ರು.

ನಾಲೆಗೆ ನೀರು ಬಿಟ್ಟಿದ್ದ ಒಂದು ಬೇಸಿಗೆಯಲ್ಲಿ ಆ ಮಾತು ಪೂರ್ತಿ ಅರ್ಥವಾಯಿತು. ಮೇಲ್ಭಾಗದಲ್ಲಿ ಹೊಳೆ ಒಣಗಿತ್ತು, ಕೆಳಗಡೆ ಚೆನ್ನಾಗಿ ಹರಿಯುತ್ತಿತ್ತು. ಮಳೆಯೇ ಇಲ್ಲ, ನೀರು ಎಲ್ಲಿಂದ ಬಂತು? ದಂಡೆ ಹಿಡಿದು ನಡೆದೆವು. ಕನ್ನಂಬಾಡಿ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಭತ್ತ, ಕಬ್ಬಿನ ಗದ್ದೆಗಳಿಗೆ ಹಾಯ್ದು, ಬಸಿಗಾಲುವೆಗಳಲ್ಲಿ ಇಳಿದು ಹೊಳೆ ಸೇರುತ್ತಿತ್ತು. ಅಂದರೆ ಮುಂಗಾರಿನಲ್ಲಿ ಕೊಡಗಿನ ಮೇಲೆ ಸುರಿದ ಮಳೆ ಕಟ್ಟೆಯಲ್ಲಿ ತಿಂಗಳುಗಟ್ಟಲೆ ನಿಂತು, ಇಲ್ಲಿಗೆ ಬಂದಿತ್ತು! ನಮ್ಮ ಸ್ವಂತ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಈ ಎರಡೂ ನೀರನ್ನು ಬೇರೆಬೇರೆಯಾಗಿ ನೋಡದಿದ್ದರೆ ಲೋಕಪಾವನಿಯ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಗದ್ದೆಗೆ ಹಾಕಿದ ಯೂರಿಯಾ ಕೂಡ ಅದೇ ದಾರಿಯಲ್ಲಿ ಬರುತ್ತದೆ. ನೀರು ನಿಂತ ಕಡೆಯೆಲ್ಲ ಜಲಕಳೆ ಹಬ್ಬಿರುವುದಕ್ಕೆ ಅದೂ ಒಂದು ಕಾರಣ.

ನನಗೆ ತುಂಬಾ ಇಷ್ಟವಾಗಿದ್ದು ಕಲ್ಲು ಮಗುಚುವ ಕೆಲಸ. ಮೊಣಕಾಲುದ್ದ ನೀರಿನಲ್ಲಿ ಬಲೆ ಹಿಡಿದು ನಿಂತು, ಕಲ್ಲೆತ್ತಿ ಅದರ ಅಡಿಭಾಗ ನೋಡಬೇಕು. ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಹಾಕಿದರೆ ಹುಳಗಳು ಎದ್ದು ಕಾಣುತ್ತವೆ. ಹೊಟ್ಟೆಯ ಪಕ್ಕದಲ್ಲಿ ಕಿವಿರು ಆಡಿಸುವ ಮೇಫ್ಲೈ ಮರಿಗಳು, ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್‌ಫ್ಲೈ ಮರಿಗಳು ಹೆಚ್ಚಾಗಿ ಸಿಗುವುದು ನೀರಿನಲ್ಲಿ ಆಮ್ಲಜನಕ ಚೆನ್ನಾಗಿರುವ ಕಡೆ. ಊರಿನ ಚರಂಡಿ ಬಂದು ಸೇರುವ ಜಾಗದಲ್ಲಿ ಅವು ಮಾಯ, ಬರೀ ಕೆಂಪು ಹುಳ. ಅವುಗಳ ಮೈಯಲ್ಲೂ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆಮ್ಲಜನಕ ಕಡಿಮೆಯಿರುವ ಕೊಳಕು ನೀರಿನಲ್ಲೂ ಬದುಕುತ್ತವೆ. ಬಾಟಲಿಯಲ್ಲಿ ಹಿಡಿದ ನೀರು ಆ ಹೊತ್ತಿನ ವಿಷಯ ಮಾತ್ರ ಹೇಳುತ್ತದೆ. ಹುಳಗಳು ಹಿಂದಿನ ಹಲವು ವಾರಗಳ ಕಥೆ ಹೇಳುತ್ತವೆ. ಎತ್ತಿದ ಕಲ್ಲನ್ನು ಅದೇ ಮಗ್ಗುಲಿಗೆ ಇಡದೆ ಮುಂದೆ ಹೋಗುವ ಹಾಗಿರಲಿಲ್ಲ. ಈ ಒಂದು ವಿಷಯದಲ್ಲಿ ಮೇಷ್ಟ್ರು ತುಂಬಾ ಕಟ್ಟುನಿಟ್ಟು.

ದಂಡೆಯ ಹೊಂಗೆ, ಹೊಳೆಮತ್ತಿ, ನೇರಳೆ ಮರಗಳನ್ನು ಸಸ್ಯಶಾಸ್ತ್ರದ ಗೆಳೆಯರು ಗುರುತು ಮಾಡಿಕೊಂಡರು. ಹಕ್ಕಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹತ್ತಿರದಲ್ಲೇ ಕಾವೇರಿಯ ತಿಟ್ಟುಗಳಲ್ಲಿ, ಅಂದರೆ ನಡುಗಡ್ಡೆಗಳಲ್ಲಿ ಇರುವ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಮರಿಗೆ ಮೀನು, ಕಪ್ಪೆ ತರುವುದು ಸುತ್ತಲಿನ ಕೆರೆ, ಗದ್ದೆ, ಹಳ್ಳಗಳಿಂದ. ತಿಟ್ಟುಗಳಿಗೆ ಮಾತ್ರ ಕಾವಲು ಹಾಕಿದರೆ ಸಾಲದು ಅಲ್ವಾ? ಹುಳ ಹೋದರೆ ಮೀನು ಕಡಿಮೆ, ಮೀನು ಕಡಿಮೆಯಾದರೆ ಹಕ್ಕಿಗೂ ಕಷ್ಟ.

ನಮ್ಮ ಫೀಲ್ಡ್ ನೋಟ್‌ಬುಕ್ಕುಗಳನ್ನು ವಿಭಾಗದ ಬೀರುವಿನಲ್ಲಿ ಇಟ್ಟು ಬಂದಿದ್ದೆವು. ಅವು ಇನ್ನೂ ಇದ್ದರೆ ಈಗಿನ ವಿದ್ಯಾರ್ಥಿಗಳು ದಯವಿಟ್ಟು ತೆಗೆದು ನೋಡಿ. ಪ್ರತಿ ಜಾಗದ ಸೇತುವೆ, ಮರ, ತೂಬಿನ ಗುರುತು ಬರೆದಿದ್ದೇವೆ. ಅದೇ ಜಾಗಗಳಲ್ಲಿ ಬೇಸಿಗೆಯಲ್ಲಿ ಒಮ್ಮೆ, ಹಿಂಗಾರು ಕಳೆದ ಮೇಲೆ ಒಮ್ಮೆ ಕಲ್ಲು ಮಗುಚಿ, ಸಿಕ್ಕಿದ್ದನ್ನು ನಮ್ಮ ಪಟ್ಟಿಯ ಪಕ್ಕದಲ್ಲೇ ಬರೆಯಿರಿ. ನಕ್ಷೆ ಓದಲು, ಬಲೆ ಹಿಡಿಯಲು ಜನ ಬೇಕಿದ್ದರೆ ನಾನು ಬರುತ್ತೇನೆ.